ಮಳೆಗಾಲದಲ್ಲೂ ತೆರೆದಿರುವ ಕಟ್ಟಡ: ಹಳೆಯ ವಿದ್ಯಾರ್ಥಿಗಳ ಮತ್ತು ಸಂದರ್ಶಕರ ಕೇಂದ್ರ ಕಟ್ಟುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಕರಾವಳಿಯ ಕಾಲೇಜುಗಳಿಗೆ ಹೊರಗಿನವರು ಅತಿ ಹೆಚ್ಚು ಬರುವುದು ಯಾವಾಗ ಎಂದು ಕೇಳಿದರೆ ಹಳೆಯ ವಿದ್ಯಾರ್ಥಿ ಸಂಘದವರು ಡಿಸೆಂಬರಿನ ಸ್ನೇಹ ಸಮ್ಮೇಳನವನ್ನು ಹೆಸರಿಸುತ್ತಾರೆ. ಕಚೇರಿಯ ಗುಮಾಸ್ತರನ್ನು ಕೇಳಿದರೆ ಉತ್ತರ ಬೇರೆ. ಜೂನ್, ಜುಲೈ ತಿಂಗಳಲ್ಲಿ ಮಗಳ ಪ್ರವೇಶಕ್ಕೆಂದು ಕೊಡೆ ಹಿಡಿದು ಬರುವ ತಂದೆತಾಯಿಗಳು, ಚೌತಿಗೆ ಮುಂಬೈ, ಗೋವಾ, ಬೆಂಗಳೂರುಗಳಿಂದ ಮನೆಗೆ ಬಂದಾಗ ಹಬ್ಬದ ಮರುದಿನವೇ ಹಳೆಯ ವರ್ಗಾವಣೆ ಪತ್ರ ಕೇಳಿಕೊಂಡು ಬರುವವರು, ಇವರೇ ಕಚೇರಿಯ ಲೆಕ್ಕದಲ್ಲಿ ನಿಜವಾದ ಸಂದರ್ಶಕರು. ಈ ಎರಡೂ ಹೊತ್ತು ಮಳೆಯ ಹೊತ್ತು. ಆದ್ದರಿಂದ ಕಾರವಾರದಲ್ಲಿಯೋ ಕುಮಟೆಯಲ್ಲಿಯೋ ಶಿರಸಿಯಲ್ಲಿಯೋ ಇಂಥ ಕೇಂದ್ರವೊಂದನ್ನು ಕಟ್ಟಲು ಹೊರಟವರು ಮೊದಲು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕಾದದ್ದು ದೀಪಾಲಂಕಾರದ ಉದ್ಘಾಟನಾ ಸಂಜೆಯನ್ನಲ್ಲ, ಜುಲೈ ತಿಂಗಳ ಒಂದು ಮಂಗಳವಾರದ ಬೆಳಿಗ್ಗೆ ಹತ್ತು ಗಂಟೆಯನ್ನು. ಅಂದು ಬಾಗಿಲು ತೆರೆದಿದೆಯೇ, ನೆಲ ಒಣಗಿದೆಯೇ, ಮೇಜಿನ ಹಿಂದೆ ಒಬ್ಬರು ಕುಳಿತಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ಲೇಖನದ ಹಂತಗಳನ್ನು ಜೋಡಿಸಿದ್ದೇನೆ. ಸಂಘವೊಂದರ ಕಟ್ಟಡ ಸಮಿತಿಯಲ್ಲಿ ಕೆಲವು ವರ್ಷ ಓಡಾಡಿದವನ ಅನುಭವ ಇದರ ಹಿಂದಿದೆ. ಆ ಅನುಭವದ ಹೆಚ್ಚಿನ ಭಾಗ ತಪ್ಪುಗಳದ್ದು.

ಬರುವವರನ್ನು ಎಣಿಸುವುದು

ಎಂಜಿನಿಯರನ್ನು ಕಾಣುವುದಕ್ಕೆ ಮೊದಲು ಒಂದು ಇಡೀ ವರ್ಷ ಕಾಲೇಜಿನ ದ್ವಾರದಲ್ಲಿ ಅಥವಾ ಕಚೇರಿಯ ಕಿಟಕಿಯ ಬಳಿ ಒಂದು ಗೆರೆ ಹಾಕಿದ ಪುಸ್ತಕವನ್ನಿಡಿ. ಬಂದವರ ಹೆಸರಿಗಿಂತ ಮುಖ್ಯವಾದವು ನಾಲ್ಕು ಸಂಗತಿಗಳು: ಯಾವ ತಿಂಗಳು, ಯಾವ ಊರಿನಿಂದ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಕಾಯಬೇಕಾಯಿತು. ವರ್ಷದ ಕೊನೆಯಲ್ಲಿ ಈ ಪುಸ್ತಕವೇ ನಿಮ್ಮ ನಕ್ಷೆಯ ಅರ್ಧ ಭಾಗವನ್ನು ಬರೆದುಕೊಡುತ್ತದೆ.

ಹೆಚ್ಚಿನವರು ಬರುವುದು ಒಂದು ಕಾಗದಕ್ಕಾಗಿ ಎಂಬುದು ಆಗ ಗೊತ್ತಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಲಾ, ವಿಜ್ಞಾನ, ವಾಣಿಜ್ಯ ಕಾಲೇಜುಗಳ ಪದವಿಯ ಕಾಗದಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರುತ್ತವೆ. ಎಂಜಿನಿಯರಿಂಗ್ ಓದಿದವರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಇಪ್ಪತ್ತು ವರ್ಷಗಳ ಹಿಂದೆ ಓದಿದವರಿಗೆ ಯಾವ ಕಾಗದ ಕಾಲೇಜಿನಲ್ಲಿ ಸಿಗುತ್ತದೆ, ಯಾವುದಕ್ಕೆ ಘಟ್ಟ ಹತ್ತಬೇಕು ಎಂಬುದು ನೆನಪಿರುವುದಿಲ್ಲ. ರಾತ್ರಿಯಿಡೀ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬಂದು ಬೆಳಿಗ್ಗೆ ಶಿರವಾಡದ ನಿಲ್ದಾಣದಲ್ಲಿ ಇಳಿದು, ರಿಕ್ಷಾ ಹಿಡಿದು ಕಾಲೇಜು ತಲುಪಿದವರಿಗೆ "ಇದಕ್ಕೆ ಧಾರವಾಡಕ್ಕೇ ಹೋಗಬೇಕು" ಎಂಬ ಉತ್ತರ ಹನ್ನೊಂದು ಗಂಟೆಗೆ ಸಿಕ್ಕಿದರೆ ಅವರ ಮನಸ್ಸಿನಲ್ಲಿ ಸಂಸ್ಥೆಯ ಚಿತ್ರ ಹೇಗೆ ಉಳಿದೀತು! ಕಟ್ಟಡ ಏಳುವ ಮೊದಲೇ ನೀವು ಮಾಡಬಹುದಾದ ಕೆಲಸವೆಂದರೆ, ಯಾವ ಪತ್ರಕ್ಕೆ ಯಾವ ಕಚೇರಿ, ಏನೇನು ಜೊತೆಗಿರಬೇಕು, ಎಷ್ಟು ಶುಲ್ಕ ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ದ್ವಾರದಲ್ಲಿ ಅಂಟಿಸುವುದು. ಈ ಪಟ್ಟಿಯಿಂದಲೇ ಅರ್ಧ ಸಂದರ್ಶಕರ ಕೆಲಸ ಮುಗಿದುಹೋದರೆ, ನೀವು ಅಂದುಕೊಂಡದ್ದಕ್ಕಿಂತ ಸಣ್ಣ ಕಟ್ಟಡ ಸಾಕು ಎಂದರ್ಥ.

ಸಂಘ, ಒಪ್ಪಂದ, ಹಣ

ಹಳೆಯ ವಿದ್ಯಾರ್ಥಿಗಳ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾಗಿರಬೇಕು. ಅದಕ್ಕೆ ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನೋಂದಣಿ ಮಾಡಿಸಿ ಹತ್ತು ವರ್ಷ ಲೆಕ್ಕ ಸಲ್ಲಿಸದೆ ಮಲಗಿರುವ ಸಂಘಗಳೇ ನಮ್ಮಲ್ಲಿ ಹೆಚ್ಚು, ಆದ್ದರಿಂದ ಮೊದಲು ನಿಮ್ಮ ಸಂಘ ಇನ್ನೂ ಜೀವಂತವಿದೆಯೇ ನೋಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಒಡನಾಟಕ್ಕೆಂದೇ ಐದನೆಯ ಮಾನದಂಡದಲ್ಲಿ ಒಂದು ಭಾಗವಿದೆ; ಪ್ರಾಂಶುಪಾಲರನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ಮಾತು ಬೇರೆ ಬೇಕಿಲ್ಲ.

ಕಟ್ಟಡ ಯಾರದ್ದು ಎಂಬ ಪ್ರಶ್ನೆಯನ್ನು ಮಾತ್ರ ಮುಜುಗರಪಡದೆ ಮೊದಲೇ ಕೇಳಿ, ಬರಹದಲ್ಲಿ ತೀರ್ಮಾನಿಸಿಕೊಳ್ಳಿ. ಸರಕಾರಿ ಕಾಲೇಜಿನ ಆವರಣದಲ್ಲಿ ಸಂಘದ ಹಣದಿಂದ ಕಟ್ಟಿದರೂ ಕಟ್ಟಡ ಸರಕಾರದ್ದೇ ಆಗುತ್ತದೆ. ಇಲಾಖೆಯ ಪೂರ್ವಾನುಮತಿ ಬೇಕು. ಸರಕಾರದ ಹಣವೂ ಸೇರಿದ್ದರೆ ಪಾರದರ್ಶಕ ಸಂಗ್ರಹಣೆ ಕಾಯಿದೆಯಂತೆ ಟೆಂಡರು ಕರೆಯಬೇಕು. ಖಾಸಗಿ ಆಡಳಿತ ಮಂಡಳಿಯ ಜಾಗವಾದರೆ ಸಂಘಕ್ಕೆ ಎಷ್ಟು ವರ್ಷ ಬಳಸುವ ಹಕ್ಕು, ವಿದ್ಯುತ್ ಬಿಲ್ಲು ಯಾರದು, ಪರೀಕ್ಷೆಯ ದಿನಗಳಲ್ಲಿ ಸಭಾಂಗಣವನ್ನು ಕಾಲೇಜು ಬಳಸಿಕೊಳ್ಳಬಹುದೇ ಎಂಬುದನ್ನೆಲ್ಲ ಒಪ್ಪಂದದಲ್ಲಿ ಬರೆಯಬೇಕು. ನಾನು ಕಂಡ ಒಂದು ಕಡೆ ಸಂಘ ಕಟ್ಟಿದ ಕೊಠಡಿ ಮೂರೇ ವರ್ಷದಲ್ಲಿ ಉತ್ತರ ಪತ್ರಿಕೆಗಳ ಗೋದಾಮಾಯಿತು. ಯಾರನ್ನೂ ದೂರುವಂತಿರಲಿಲ್ಲ, ಏಕೆಂದರೆ ಯಾವ ಕಾಗದದಲ್ಲೂ ಏನನ್ನೂ ಬರೆದಿರಲಿಲ್ಲ.

ಹಣ ಸಂಗ್ರಹದ ಬಗ್ಗೆ ಎಲ್ಲರಿಗೂ ತಿಳಿದದ್ದನ್ನು ಮತ್ತೆ ಹೇಳುವುದಿಲ್ಲ. ಕರಾವಳಿಯ ಸಂಘಗಳು ಎಡವುವ ಎರಡು ಜಾಗಗಳನ್ನು ಮಾತ್ರ ತೋರಿಸುತ್ತೇನೆ. ಒಂದನೆಯದು ಪರದೇಶದ ಹಣ. ಗಲ್ಫ್‌ನಲ್ಲಿ ದುಡಿಯುವ ಭಟ್ಕಳ, ಹೊನ್ನಾವರ, ಕಾರವಾರ ಕಡೆಯವರು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ ಅವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ದೇಣಿಗೆ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಅದೇ ತರಗತಿಯಲ್ಲಿ ಓದಿ ಅಮೆರಿಕದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯ ಪೌರರ ಕಾರ್ಡು ಅವರಲ್ಲಿದ್ದರೂ, ಕಳಿಸುವ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ ಒಳಪಡುತ್ತದೆ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ಹಣ ಮೊದಲು ಬಂದು ಸೇರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ಆದ್ದರಿಂದ ದೇಣಿಗೆಯ ಅರ್ಜಿಯಲ್ಲಿ ವಾಸದ ಊರನ್ನಲ್ಲ, ಪೌರತ್ವವನ್ನು ಕೇಳಿ. ಎರಡನೆಯದು ನಗದು. 80ಜಿ ಎಂದೇ ಎಲ್ಲರಿಗೂ ಪರಿಚಿತವಾದ ತೆರಿಗೆ ವಿನಾಯಿತಿ 2000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಸಿಗುವುದಿಲ್ಲ. ಸಮ್ಮೇಳನದ ವೇದಿಕೆಯಲ್ಲಿ ಉತ್ಸಾಹದಿಂದ ಕೊಟ್ಟ ನೋಟಿನ ಕಂತೆಗೆ ಮಾರ್ಚಿನಲ್ಲಿ ರಸೀದಿ ಕೇಳಿಕೊಂಡು ಬಂದಾಗ ಸಂಬಂಧಗಳು ಹಾಳಾಗುತ್ತವೆ.

ಸಂಗ್ರಹವಾದದ್ದರಲ್ಲಿ ಐದನೆಯ ಒಂದು ಭಾಗವನ್ನು ಕಟ್ಟಡಕ್ಕೆ ಮುಟ್ಟಿಸದೆ ಠೇವಣಿ ಇಡಿ ಎಂಬುದು ನನ್ನ ಖಚಿತ ಸಲಹೆ. ಅದರ ಬಡ್ಡಿಯಿಂದಲೇ ಮುಂದೆ ಮೇಜಿನ ಹಿಂದೆ ಕುಳಿತವರ ಸಂಬಳದ ಒಂದಂಶವೂ ಮಾಡಿನ ರಿಪೇರಿಯೂ ನಡೆಯಬೇಕು. ಹಣ ಸಾಲದಿದ್ದರೆ ಕಟ್ಟಡವನ್ನು ಕಿರಿದುಗೊಳಿಸಿ, ಠೇವಣಿಯನ್ನಲ್ಲ.

ಜಾಗ

ಜಾಗದ ಆಯ್ಕೆಯಲ್ಲಿ ನಮ್ಮ ಜಿಲ್ಲೆಗೆ ತನ್ನದೇ ತೊಡಕುಗಳಿವೆ. ಕರಾವಳಿಯಲ್ಲಿ ಮೊದಲ ಪ್ರಶ್ನೆ ಸಿಆರ್‌ಜಡ್. ಉಬ್ಬರದ ಗೆರೆಯಿಂದ ಭೂಭಾಗದತ್ತ 500 ಮೀಟರ್‌ವರೆಗಿನ ಪ್ರದೇಶ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ. ಸಮುದ್ರದ ಉಬ್ಬರ ಒಳನುಗ್ಗುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ದಂಡೆಗಳಿಗೂ ನಿಯಮ ಅನ್ವಯಿಸುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಪಟ್ಟಣದ ಕಟ್ಟಡಗಳ ನಡುವಿನ ಜಾಗಕ್ಕೆ ಒಂದು ನಿಯಮ, ಹಳ್ಳಿಯ ತೀರದ ಜಾಗಕ್ಕೆ ಇನ್ನೊಂದು. ಸರ್ವೆ ನಂಬರನ್ನು ಹಿಡಿದು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಆವರಣ ಯಾವ ವರ್ಗದಲ್ಲಿ ಬೀಳುತ್ತದೆ ಎಂದು ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ವಾಸ್ತುಶಿಲ್ಪಿಗೆ ಮುಂಗಡ ಕೊಡಿ. ಪಕ್ಕದವರು ಕಟ್ಟಿದ್ದಾರೆ ಎಂಬುದು ಅನುಮತಿಯಲ್ಲ.

ಘಟ್ಟದ ಮೇಲೆ ತೊಡಕು ಕಾಡಿನದು. ಜಿಲ್ಲೆಯ ಬಹುಪಾಲು ಭೂಮಿ ಅರಣ್ಯವಾಗಿರುವುದರಿಂದ, ಕಾಲೇಜು ದಶಕಗಳಿಂದ ಆಟದ ಮೈದಾನವಾಗಿ ಬಳಸುತ್ತಿರುವ ಜಾಗವೂ ಪಹಣಿಯಲ್ಲಿ ಬೇರೆಯೇ ಹೆಸರಿನಲ್ಲಿರಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ದಾನವಾಗಿ ಬರುವ ಜಮೀನಿನಲ್ಲಿ ಸೊಪ್ಪಿನ ಬೆಟ್ಟ ಸೇರಿದ್ದರೆ ಎಚ್ಚರವಿರಲಿ: ಅಡಕೆ ತೋಟಕ್ಕೆ ಸೊಪ್ಪು, ತರಗೆಲೆ ತರುವ ಹಕ್ಕಷ್ಟೇ ದಾನಿಯದು, ಅಲ್ಲಿ ಕಟ್ಟಡ ಕಟ್ಟುವ ಹಕ್ಕು ಅವರಿಗೂ ಇಲ್ಲ, ನಿಮಗೂ ಬರುವುದಿಲ್ಲ.

ಇನ್ನು ಗುಡ್ಡ. ಸಮತಟ್ಟು ಜಾಗ ಸಿಗಲಿಲ್ಲವೆಂದು ಹಿಂದಿನ ಗುಡ್ಡವನ್ನು ನೇರವಾಗಿ ಕಡಿದು ಅಂಗಳ ಮಾಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿದ್ದನ್ನು ಕಂಡ ಮೇಲೂ ಅದನ್ನು ಮುಂದುವರಿಸುವುದು ಸಾಧುವಲ್ಲ. ಇಳಿಜಾರಿನಲ್ಲೇ ಕಟ್ಟಬೇಕಾಗಿ ಬಂದರೆ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿ, ಮೇಲಿನಿಂದ ಬರುವ ನೀರಿಗೆ ಕಟ್ಟಡದ ಹಿಂದೆ ತೋಡು ಬಿಡಿ, ಹಳೆಯ ಮರಗಳನ್ನು ಉಳಿಸಿ. ಉಳಿದಂತೆ ಜಾಗದ ವಿಷಯದಲ್ಲಿ ಒಂದೇ ಸೂತ್ರ: ದ್ವಾರದ ಬಳಿ. ಆವರಣದ ತುದಿಯ ಪ್ರಶಾಂತ ಮೂಲೆಯಲ್ಲಿ ಕಟ್ಟಿದ ಸಂದರ್ಶಕರ ಕೇಂದ್ರಕ್ಕೆ ಸಂದರ್ಶಕರು ಬರುವುದಿಲ್ಲ.

ನಕ್ಷೆ

ನೋಂದಣಿ ಪುಸ್ತಕದ ಲೆಕ್ಕದಂತೆ ನೋಡಿದರೆ ಮಧ್ಯಮ ಗಾತ್ರದ ಕಾಲೇಜೊಂದಕ್ಕೆ 200 ಚದರ ಮೀಟರ್ ಮಾಡಿನಡಿಯ ಜಾಗ ಬೇಕಾದಷ್ಟಾಯಿತು. ಅದರಲ್ಲಿ ಮೊದಲ ಸ್ಥಾನ ಜಗುಲಿಗೆ. ಎರಡೂವರೆ ಮೀಟರ್ ಅಗಲದ, ಕೂರಲು ಕಟ್ಟೆಯಿರುವ, ಒದ್ದೆ ಕೊಡೆ ತೂಗುಹಾಕಲು ಸಾಲು ಗೂಟಗಳಿರುವ, ಕಾಲು ತೊಳೆಯಲು ಅಂಚಿನಲ್ಲೊಂದು ನಲ್ಲಿಯಿರುವ ಜಗುಲಿ. ಕೊಡೆ, ಚಪ್ಪಲಿ, ರೇನ್‌ಕೋಟುಗಳಿಗೆ ಹೊರಗೇ ಜಾಗ ಮಾಡದಿದ್ದರೆ ಒಳಗಿನ ನೆಲ ಜೂನ್ ಏಳರಿಂದ ಸೆಪ್ಟೆಂಬರ್ ಕೊನೆಯವರೆಗೆ ಒದ್ದೆಯಾಗಿಯೇ ಇರುತ್ತದೆ. ಜಗುಲಿ ದಾಟಿದೊಡನೆ ವಿಚಾರಣೆಯ ಮೇಜು, ಅದರ ಹಿಂದೆ ಐವತ್ತು ಅರವತ್ತು ಜನ ಕೂರಬಹುದಾದ ಒಂದು ಕೋಣೆ, ದಾಖಲೆಯ ಕೋಣೆ, ಶೌಚಾಲಯಗಳು, ದೂರದಿಂದ ಬಂದವರು ಮುಖ ತೊಳೆದು ಬಟ್ಟೆ ಬದಲಿಸಿಕೊಳ್ಳಲು ಒಂದು ಪುಟ್ಟ ಕೋಣೆ. ಮುಂಜಾನೆಯ ರೈಲಿಗೆ ಬಂದವರಿಗೆ ಈ ಕೊನೆಯದೇ ಅತ್ಯಂತ ಉಪಕಾರಿ.

ಐನೂರು ಆಸನದ ಸಭಾಭವನದ ಆಸೆಯನ್ನು ಬಿಡಿ. ವರ್ಷಕ್ಕೊಮ್ಮೆಯ ಸಮ್ಮೇಳನಕ್ಕೆ ಅಂಗಳದಲ್ಲಿ ಚಪ್ಪರ ಸಾಕು, ಡಿಸೆಂಬರಿನಲ್ಲಿ ನಮ್ಮಲ್ಲಿ ಮಳೆಯ ಭಯವೂ ವಿರಳ. ದೊಡ್ಡ ಸಭಾಭವನ ಕಟ್ಟಿದ ಸಂಘಗಳು ಅದರ ವಿದ್ಯುತ್ ಬಿಲ್ಲಿಗಾಗಿ ಮದುವೆಗಳಿಗೆ ಬಾಡಿಗೆ ಕೊಡಲು ತೊಡಗುತ್ತವೆ. ಆಮೇಲೆ ಹಳೆಯ ವಿದ್ಯಾರ್ಥಿ ಬಂದರೆ ಬೀಗರ ಊಟದ ಗದ್ದಲದಲ್ಲಿ ಅವನಿಗೆ ಕುರ್ಚಿ ಸಿಗುವುದಿಲ್ಲ.

ಮಳೆಗಾಲದ ನೀರು ಒಳಬರದಂತೆ ತಳಪಾಯವನ್ನು ಅಂಗಳದಿಂದ 60 ಸೆಂಟಿಮೀಟರ್ ಎತ್ತರಿಸುವುದು ವಾಡಿಕೆ. ಆಗ ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕು. ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ 7.2 ಮೀಟರ್ ಉದ್ದದ ದಾರಿ, ಮೇಲೆ ಕೆಳಗೆ ನಿಲ್ಲುವ ಜಾಗ ಬೇರೆ. ಇಷ್ಟು ಉದ್ದವನ್ನು ನಕ್ಷೆಯಲ್ಲಿ ಮೊದಲೇ ಬಿಡದೆ ಕಟ್ಟಡ ಮುಗಿದ ಮೇಲೆ ಸೇರಿಸಲು ಹೋದವರು ಕಡಿದಾದ ಜಾರುಬಂಡಿಯನ್ನು ಮಾಡಿಟ್ಟಿರುತ್ತಾರೆ. ಪಾಚಿ ಕಟ್ಟುವ ನಮ್ಮ ಮಳೆಯಲ್ಲಿ ಅದು ಯಾರಿಗೂ ಉಪಯೋಗವಿಲ್ಲ. ದಾರಿಗೆ ಒರಟು ಕಲ್ಲು ಹಾಸಿ, ಮೇಲೆ ಮಾಡು ಚಾಚಿರಲಿ. ಐವತ್ತು ವರ್ಷಗಳ ಹಿಂದೆ ಓದಿದವರಿಗೆ ಈಗ ಎಪ್ಪತ್ತು ದಾಟಿದೆ ಎಂಬುದನ್ನು ನಕ್ಷೆ ಬರೆಯುವ ತರುಣರಿಗೆ ನೆನಪಿಸಬೇಕಾಗುತ್ತದೆ.

ಗೋಡೆ, ಮಾಡು, ಉಪ್ಪುಗಾಳಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕರಾವಳಿಯಲ್ಲಿ ಕಟ್ಟಡಗಳು ಸೋಲುವುದು ಇಲ್ಲಿಯೇ. ನಮ್ಮ ಕಟ್ಟಡ ಸಮಿತಿ ಮೊದಲ ಸಲ ಮಾಡಿದ ತಪ್ಪು ಸಮತಟ್ಟಾದ ಸ್ಲ್ಯಾಬು. ಮುಂದೆ ಮೇಲಂತಸ್ತು ಕಟ್ಟಬಹುದು ಎಂಬ ಆಸೆಯಿಂದ ಹಾಕಿದ ಆ ಸ್ಲ್ಯಾಬಿನ ಮೇಲೆ ಅಂತಸ್ತು ಏಳಲೇ ಇಲ್ಲ. ನಾಲ್ಕನೆಯ ಮಳೆಗಾಲಕ್ಕೆ ನೀರು ಜಿನುಗಿತು. ಆರನೆಯದಕ್ಕೆ ಮೇಲೊಂದು ತಗಡಿನ ಮಾಡು ಕಟ್ಟಬೇಕಾಯಿತು. ಕರಾವಳಿಯುದ್ದಕ್ಕೂ ಸ್ಲ್ಯಾಬಿನ ಮೇಲೆ ತಗಡು ಹೊತ್ತು ನಿಂತ ಕಟ್ಟಡಗಳನ್ನು ಎಣಿಸುತ್ತ ಹೋದರೆ, ಒಂದೇ ಮಾಡಿಗೆ ಎರಡು ಸಲ ಹಣ ಕೊಟ್ಟವರು ನಾವೊಬ್ಬರೇ ಅಲ್ಲ ಎಂಬ ಸಮಾಧಾನ ಸಿಗುತ್ತದೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವಲ್ಲಿ ಮೊದಲಿನಿಂದಲೇ ಇಳಿಜಾರಿನ ಹಂಚಿನ ಮಾಡು ಕಟ್ಟುವುದು ವಿವೇಕ. ಮಂಗಳೂರು ಹಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು. ಕಡಿಮೆಯಾದರೆ ಗಾಳಿ ಬೀಸಿದಾಗ ನೀರು ಹಂಚಿನ ಸಂದಿಯಿಂದ ಮೇಲಕ್ಕೆ ಹತ್ತಿ ಒಳಬೀಳುತ್ತದೆ. ಪಶ್ಚಿಮ ಮತ್ತು ನೈಋತ್ಯದ ಅಂಚನ್ನು ಕನಿಷ್ಠ ಒಂದು ಮೀಟರ್ ಹೊರಗೆ ಚಾಚಿ. ಹಂಚಿನ ಕೆಳಗೆ ಇನ್ನೊಂದು ಪದರ ಚಪ್ಪಟೆ ಹಂಚು ಹಾಸಿದರೆ ಬೇಸಿಗೆಯ ಬಿಸಿಯೂ ಕಡಿಮೆ, ಒಂದು ಹಂಚು ಒಡೆದರೂ ದಾಖಲೆಯ ಮೇಲೆ ನೀರು ನೇರವಾಗಿ ಬೀಳುವುದಿಲ್ಲ. ಶಿರಸಿ ಕಡೆ ಹಂಚು ಒಡೆಯುವುದು ಗಾಳಿಗಿಂತ ಮಂಗಗಳಿಂದ. ಅಲ್ಲಿನವರು ಮಾಡಿಗೆ ತಾಗುವ ಕೊಂಬೆಗಳನ್ನು ಪ್ರತಿ ಬೇಸಿಗೆ ಸವರಿ, ನೂರಿನ್ನೂರು ಹಂಚನ್ನು ಅಟ್ಟದಲ್ಲಿ ಕೂಡಿಟ್ಟಿರಬೇಕು. ಬರೀ ತಗಡಿನ ಮಾಡನ್ನು ನಾನು ಸೂಚಿಸುವುದಿಲ್ಲ: ಆಷಾಢದ ಮಳೆ ತಗಡಿನ ಮೇಲೆ ಬೀಳುವಾಗ ಎದುರು ಕುಳಿತವರ ಮಾತು ಕೇಳಿಸುವುದಿಲ್ಲ, ಸಂದರ್ಶಕರ ಕೇಂದ್ರದಲ್ಲಿ ನಡೆಯಬೇಕಾದದ್ದು ಮಾತೇ ತಾನೇ.

ಗೋಡೆಗೆ ಚಿರೆಕಲ್ಲು ನಮ್ಮ ನೆಲದ್ದೇ ವಸ್ತು. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ರಂಧ್ರಮಯವಾದದ್ದರಿಂದ ನೀರನ್ನು ಹೀರುತ್ತದೆ. ಆದ್ದರಿಂದ ತಳಪಾಯಕ್ಕೆ ಕರಿಕಲ್ಲು, ಅದರ ಮೇಲೆ ತೇವ ತಡೆಯುವ ಪದರ, ಆಮೇಲೆ ಚಿರೆಕಲ್ಲು, ಹೀಗೆ ಕ್ರಮವಿರಲಿ. ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಗಿಲಾವು ಬೇಕು, ಉಳಿದ ಮೂರನ್ನು ಸಂದಿ ತುಂಬಿ ಹಾಗೆಯೇ ಬಿಡಬಹುದು. ಪ್ರವೇಶದ ಗೋಡೆಯ ಮೇಲೆ ಅಲಂಕಾರ ಬೇಕೆಂದಿದ್ದರೆ ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಕಾಣುವ ಕಾವಿ ಕಲೆಯನ್ನು ಬಲ್ಲವರಿಂದ ಮಾಡಿಸಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಕೊರೆದು ತೆಗೆಯುವ ಆ ಚಿತ್ರ ಪ್ಲಾಸ್ಟಿಕ್ ಫಲಕಕ್ಕಿಂತ ಬಹುಕಾಲ ಬಾಳುತ್ತದೆ.

ಕಾಂಕ್ರೀಟಿನ ಕಂಬ, ತೊಲೆಗಳಿದ್ದಲ್ಲಿ ಗುತ್ತಿಗೆದಾರನ ವಾಡಿಕೆಯನ್ನು ನಂಬಬೇಡಿ. ಭಾರತೀಯ ಮಾನಕ 456, ಕರಾವಳಿಯ ಗಾಳಿಗೆ ತೆರೆದುಕೊಂಡ ಬಲವರ್ಧಿತ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿಯ ವರ್ಗಕ್ಕೆ ಸೇರಿಸುತ್ತದೆ. ಅದಕ್ಕೆ ಕನಿಷ್ಠ ಎಂ 30 ದರ್ಜೆ, ಘನ ಮೀಟರಿಗೆ 320 ಕಿಲೋಗ್ರಾಂ ಸಿಮೆಂಟು, ನೀರು ಮತ್ತು ಸಿಮೆಂಟಿನ ಪ್ರಮಾಣ 0.45ಕ್ಕಿಂತ ಹೆಚ್ಚಿಲ್ಲದಂತೆ, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು. ಊರಿನ ಮನೆಗಳಿಗೆ ಎಂ 20 ಹಾಕಿ 20, 25 ಮಿಲಿಮೀಟರ್ ಹೊದಿಕೆ ಬಿಟ್ಟು ರೂಢಿಯಾದ ಮೇಸ್ತ್ರಿಗೆ ಇದು ಅತಿಯೆನಿಸುತ್ತದೆ. ಆದರೆ ಉಪ್ಪಿನಂಶ ಸರಳನ್ನು ಮುಟ್ಟಿದೊಡನೆ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಈ ಸೀಳು ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಉಪ್ಪು ಬರುವುದು ಗಾಳಿಯಿಂದ ಮಾತ್ರವಲ್ಲ. ಅಳಿವೆಗಳ ಬಳಿ ತೆಗೆದ ಹೊಳೆಯ ಮರಳಿನಲ್ಲೂ, ಏಪ್ರಿಲ್ ತಿಂಗಳ ಬಾವಿಯ ಸವುಳು ನೀರಿನಲ್ಲೂ ಅದು ಇರುತ್ತದೆ. ಕಲಸುವ ನೀರನ್ನೂ ಮರಳನ್ನೂ ಕ್ಲೋರೈಡ್ ಪರೀಕ್ಷೆಗೆ ಕಳಿಸಿ ವರದಿಯನ್ನು ಕಡತದಲ್ಲಿಡಿ, ಸಂಶಯವಿದ್ದರೆ ಎಂ ಸ್ಯಾಂಡ್ ಬಳಸಿ.

ಸಣ್ಣ ಸಾಮಾನುಗಳಲ್ಲಿ ಜಿಪುಣತನ ಬೇಡ. ಬಿಜಾಗರಿ, ಚಿಲಕ, ಮೊಳೆಗಳು ಹಿತ್ತಾಳೆಯವೋ 316 ದರ್ಜೆಯ ತುಕ್ಕುರಹಿತ ಉಕ್ಕಿನವೋ ಆಗಿರಲಿ. ಕಿಟಕಿಗೆ ಮರವೇ ಒಳ್ಳೆಯದು, ಅರಣ್ಯ ಇಲಾಖೆಯ ಡಿಪೋದ ಹರಾಜಿನಲ್ಲಿ ಕೊಂಡ ರಸೀದಿ ಇರಬೇಕು.

ಮಾಡಿನ ನೀರನ್ನು ಸುಮ್ಮನೆ ಹರಿಯಬಿಡುವುದೂ ಸರಿಯಲ್ಲ. 200 ಚದರ ಮೀಟರ್ ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಶೇಕಡಾ 80ರಷ್ಟು ಸಿಕ್ಕಿದರೂ 4,80,000 ಲೀಟರ್ ಆಗುತ್ತದೆ. ಇದನ್ನೆಲ್ಲ ಟಾಂಕಿಯಲ್ಲಿ ಹಿಡಿಯಲು ಆಗುವುದಿಲ್ಲ; ಸೋಸಿ ಬಾವಿಗೆ ಬಿಡಬಹುದು. ಬೇಸಿಗೆಯಲ್ಲಿ ಬಾವಿ ಸವುಳಾಗುವ ಊರುಗಳಲ್ಲಿ ಇದು ಕಾಲೇಜಿಗೇ ಲಾಭ.

ಕೆಲಸದ ಪಂಚಾಂಗ

ನಮ್ಮಲ್ಲಿ ಕಟ್ಟಡದ ವರ್ಷ ಏಳು ತಿಂಗಳದ್ದು. ಚೌತಿಯ ಹೊತ್ತಿಗೆ ಅನುಮತಿ, ದರಪಟ್ಟಿ, ಗುತ್ತಿಗೆ ಮುಗಿದಿರಬೇಕು. ದೀಪಾವಳಿ ಕಳೆದು ನೆಲ ಆರಿದ ಮೇಲೆ ತಳಪಾಯ, ಸಂಕ್ರಾಂತಿಯ ವೇಳೆಗೆ ಕಿಟಕಿಯ ಮಟ್ಟ, ಶಿವರಾತ್ರಿ ದಾಟುವುದರೊಳಗೆ ತೊಲೆಗಳು. ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ಬತ್ತಿ ಕಾಂಕ್ರೀಟಿಗೆ ನೀರುಣಿಸಲು ಆಗದ ಕಾರಣ ಆ ಕೆಲಸವನ್ನು ಮಾರ್ಚಿಗೆ ಮುಗಿಸಿಕೊಳ್ಳಿ. ಮೇ ಮಧ್ಯದೊಳಗೆ ಹಂಚು ಏರಿರಬೇಕು; ಮೃಗಶಿರ ಮಳೆ ಹಿಡಿದ ಮೇಲೆ ಹೊರಗಿನ ಕೆಲಸ ನಿಂತಂತೆಯೇ. ಶಿರಸಿಯವರು ಮಾರಿಕಾಂಬಾ ಜಾತ್ರೆಯ ವರ್ಷವನ್ನು ಲೆಕ್ಕಕ್ಕೆ ಹಿಡಿದುಕೊಳ್ಳಬೇಕು, ಎರಡು ವರ್ಷಕ್ಕೊಮ್ಮೆ ಬರುವ ಆ ದಿನಗಳಲ್ಲಿ ಕೆಲಸದವರೂ ಸಿಗುವುದಿಲ್ಲ, ಲಾರಿಯೂ ಬರುವುದಿಲ್ಲ. ಆದರೆ ಊರಿನ ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿರುತ್ತಾರೆ, ಅರ್ಧ ಎದ್ದ ಗೋಡೆಯನ್ನು ತೋರಿಸಿ ಉಳಿದ ಹಣ ಕೇಳಲು ಅದು ಒಳ್ಳೆಯ ಸಮಯ.

ದಾಖಲೆಯ ಕೋಣೆ

ಕೇಂದ್ರದ ನಿಜವಾದ ಸಂಪತ್ತು ಹಳೆಯ ಫೋಟೋಗಳು, ವಾರ್ಷಿಕ ಸಂಚಿಕೆಗಳು, ಹಾಜರಿ ಪುಸ್ತಕಗಳು. ಗಾಳಿಯ ತೇವಾಂಶ ಶೇಕಡಾ 65 ದಾಟಿತೆಂದರೆ ಕಾಗದದ ಮೇಲೆ ಬೂಸ್ಟು ಬೆಳೆಯಲು ತೊಡಗುತ್ತದೆ, ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಈ ಕೋಣೆಗೆ ಹೊರಗೋಡೆ, ಅದರಲ್ಲೂ ಪಶ್ಚಿಮದ ಗೋಡೆ ಇರಬಾರದು. ಪಕ್ಕದಲ್ಲಿ ಶೌಚಾಲಯವೂ ಬೇಡ. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು, ನೆಲದಿಂದ ಅರ್ಧ ಗೇಣು ದೂರವಿಡಿ, ಒರಲೆ ಹತ್ತಿದರೆ ಕಣ್ಣಿಗೆ ಬೀಳುತ್ತದೆ. ತೇವ ಹೀರುವ ಯಂತ್ರವೊಂದನ್ನು ಇಡುವುದಾದರೆ ಮಳೆಗಾಲದಲ್ಲಿ ಕರೆಂಟು ಹೋದಾಗಲೂ ನಡೆಯುವ ವ್ಯವಸ್ಥೆ ಬೇಕು. ಅಷ್ಟು ಶಕ್ತಿಯಿಲ್ಲದ ಸಂಘ ಮುಚ್ಚಳ ಬಿಗಿಯಾದ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸಿಕೊಂಡರೂ ನಡೆಯುತ್ತದೆ.

ಹಳೆಯ ಫೋಟೋಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಕಾಗದಕ್ಕೆ ಸೆಲ್ಲೋ ಟೇಪು ಅಂಟಿಸಬೇಡಿ. ಎರಡೂ ಮರಳಿ ತೆಗೆಯಲಾಗದ ಹಾನಿ. ಕಾಗದಗಳನ್ನು ಅಂಗುಲಕ್ಕೆ 300 ಚುಕ್ಕೆ, ಫೋಟೋಗಳನ್ನು 600 ಚುಕ್ಕೆಯಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಪ್ರತಿಗಳನ್ನು ಎರಡು ಊರುಗಳಲ್ಲಿಡಿ, ಒಂದು ಕರಾವಳಿಯಲ್ಲಿದ್ದರೆ ಇನ್ನೊಂದು ಘಟ್ಟದ ಮೇಲೆ. ಅದಕ್ಕಿಂತ ಅವಸರದ ಕೆಲಸ, ಫೋಟೋದಲ್ಲಿರುವವರ ಹೆಸರು ಬರೆದುಕೊಳ್ಳುವುದು. 1970ರ ಹಾಕಿ ತಂಡದ ಚಿತ್ರ ಸಿಕ್ಕಿದಾಗ ಹೆಸರು ಹೇಳಬಲ್ಲವರು ಇಬ್ಬರೇ ಉಳಿದಿರಬಹುದು. ಅವರ ಮಾತನ್ನು ಧ್ವನಿಮುದ್ರಿಸುವಾಗ ಕಾಲೇಜಿನ ಕನ್ನಡಕ್ಕೆ ಒತ್ತಾಯಿಸದೆ ಅವರವರ ಮನೆಮಾತಿನಲ್ಲೇ, ಕೊಂಕಣಿಯಾಗಲಿ, ಹಾಲಕ್ಕಿ ಕನ್ನಡವಾಗಲಿ, ಹವಿಗನ್ನಡವಾಗಲಿ, ನವಾಯತಿಯಾಗಲಿ, ಹೇಳಲು ಬಿಡಿ.

ಗೋಡೆಯ ಮೇಲೆ ಏನನ್ನು ತೋರಿಸಬೇಕು ಎಂಬಲ್ಲಿ ಒಂದು ಕಿವಿಮಾತು. ಕಾರವಾರದಲ್ಲಿ ಏನೇ ಕಟ್ಟಿದರೂ ರವೀಂದ್ರನಾಥ ಠಾಗೋರರ ಚಿತ್ರ ಮೊದಲು ಬರುತ್ತದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ತರುಣರಾಗಿದ್ದಾಗ ಬಂದದ್ದು ಪಟ್ಟಣದ ಹೆಮ್ಮೆ ನಿಜ, ಆದರೆ ಅದನ್ನು ಹೇಳಲು ಕಡಲತೀರವೇ ಇದೆ. ನಿಮ್ಮ ಗೋಡೆಯ ಮೇಲೆ ನಿಮ್ಮ ಸಂಸ್ಥೆಯ ಕಥೆಯಿರಲಿ. ಅಂಕೋಲೆಯ ಗೋಖಲೆ ಶತಮಾನೋತ್ಸವ ಕಾಲೇಜಿನ ಹೆಸರಿನಲ್ಲೇ ಒಂದು ಕಥೆಯಿದೆ: ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ, ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಅದನ್ನು ಆರಂಭಿಸಿತು. ಕೋಡಿಬಾಗದ ಸ್ನಾತಕೋತ್ತರ ಕೇಂದ್ರದಲ್ಲಿ ಕಡಲಜೀವಿಶಾಸ್ತ್ರ ಓದಿದವರು, ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿದವರು ತಮ್ಮ ಮೊದಲ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವನ್ನು ಕೊಟ್ಟರೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ವಸ್ತು ಬೇರಿಲ್ಲ. ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ, ಹಳೆಯ ಪ್ರಮಾಣಪತ್ರಗಳ ಮೇಲೆ ಮುಂಬೈ ಏಕಿದೆ ಎಂದು ಕೇಳುವ ಮೊಮ್ಮಕ್ಕಳಿಗೆ ಉತ್ತರ ಸಿಗುತ್ತದೆ. ದಾನಿಗಳ ಹೆಸರಿನ ಕಲ್ಲು ಒಂದೇ ಇರಲಿ, ಅಕ್ಷರಗಳೆಲ್ಲ ಒಂದೇ ಗಾತ್ರದಲ್ಲಿರಲಿ.

ಬೀಗದ ಕೈ

ಕಟ್ಟಡದ ಬೀಗದ ಕೈ ಅಧ್ಯಕ್ಷರ ಮನೆಯಲ್ಲಿದ್ದರೆ ಕೇಂದ್ರ ಮುಚ್ಚಿದಂತೆಯೇ. ವಾರಕ್ಕೆ ಆರು ದಿನ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಒಬ್ಬರು ಇರಬೇಕು, ಅವರಿಗೆ ಸಂಬಳ ಸಿಗಬೇಕು. ಸ್ವಯಂಸೇವಕರ ಸರದಿ ಪಟ್ಟಿ ಮೊದಲ ಮಳೆಗಾಲವನ್ನೂ ದಾಟುವುದಿಲ್ಲ. ಇತ್ತೀಚೆಗೆ ನಿವೃತ್ತರಾದ, ನಾಲ್ಕು ದಶಕದ ವಿದ್ಯಾರ್ಥಿಗಳ ಮುಖ ಬಲ್ಲ ಗುಮಾಸ್ತರೋ ಜವಾನರೋ ಒಪ್ಪಿದರೆ ಅವರಿಗಿಂತ ಯೋಗ್ಯರು ಸಿಗಲಾರರು. ಬೆಳಿಗ್ಗೆ ಒಂದು ಲೋಟ ಚಹಾ ಕೊಡುವ ವ್ಯವಸ್ಥೆಯಿರಲಿ. ವರ್ಷಕ್ಕೊಮ್ಮೆ ಮೇ ಮೊದಲ ವಾರದಲ್ಲಿ ಹಂಚು ತಿರುವಿ ನೋಡುವುದು, ಮಾಡಿನ ಅಂಚಿನ ನೀರಿನ ದೋಣಿ ಶುಚಿ ಮಾಡುವುದು, ಸಿಡಿಲು ತಡೆಯ ತಂತಿ ಮತ್ತು ಭೂಸಂಪರ್ಕ ಪರೀಕ್ಷಿಸುವುದು, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವುದು, ಪಶ್ಚಿಮದ ಜಗುಲಿಗೆ ತಟ್ಟಿ ಕಟ್ಟುವುದು: ಈ ಐದನ್ನು ಬರೆದು ಮೇಜಿನ ಹಿಂದೆ ತೂಗುಹಾಕಿ.

ಮೊದಲ ಮಳೆಗಾಲ

ಗುತ್ತಿಗೆಯ ಕರಾರಿನಲ್ಲಿ ಒಂದು ಷರತ್ತನ್ನು ಬಿಡಬೇಡಿ: ಒಟ್ಟು ಮೊತ್ತದ ಒಂದಂಶವನ್ನು ಕಟ್ಟಡ ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು. ಉದ್ಘಾಟನೆಯನ್ನೂ ಅದೇ ಕಾರಣಕ್ಕೆ ಮುಂದೂಡಿ, ಜೂನಿನಲ್ಲಿ ಸದ್ದಿಲ್ಲದೆ ಬಾಗಿಲು ತೆರೆದು ಕೆಲಸ ಆರಂಭಿಸಿ. ಜುಲೈ ತಿಂಗಳ ನಡುವೆ, ಎರಡು ಮೂರು ದಿನ ಬಿಡದೆ ಸುರಿದ ಮೇಲೆ, ಮೇಸ್ತ್ರಿಯನ್ನು ಕರೆದುಕೊಂಡು ಸೀಮೆಸುಣ್ಣ ಹಿಡಿದು ಒಂದೊಂದೇ ಕೋಣೆಗೆ ಹೋಗಿ. ತೇವ ಕಂಡಲ್ಲೆಲ್ಲ ಗೋಡೆಯ ಮೇಲೆ ವೃತ್ತ ಎಳೆದು, ದಿನಾಂಕ ಬರೆದು, ಫೋಟೋ ತೆಗೆಯಿರಿ. ದಾಖಲೆಯ ಕೋಣೆಯ ಮಾಡಿನ ಮೂಲೆಗಳನ್ನು ಏಣಿ ಹಾಕಿ ನೋಡಿ. ಆ ವೃತ್ತಗಳೆಲ್ಲ ಸರಿಯಾದ ಮೇಲೆ, ದೀಪಾವಳಿಯ ಹೊತ್ತಿಗೆ, ಹಿಡಿದಿಟ್ಟ ಹಣವನ್ನು ಬಿಡುಗಡೆ ಮಾಡಿ ಡಿಸೆಂಬರಿನ ಸಮ್ಮೇಳನಕ್ಕೆ ಆಮಂತ್ರಣ ಅಚ್ಚು ಹಾಕಿಸಿ.